ಟವೆಲ್ಲಿನ ಕೆಳಗೆ ನಲವತ್ತೊಂದು ರಾಜಿ

ಶನಿವಾರ ಬೆಳಿಗ್ಗೆ ಹತ್ತೂಕಾಲಿಗೆ, ಬೋರಾಟವಾಡಿಯ ದನದ ಸಂತೆ ಕಾವೇರುತ್ತಿದ್ದ ಹೊತ್ತಿನಲ್ಲಿ, ಊರ ಕಾನೂನು ಮಹಾವಿದ್ಯಾಲಯದ ಪ್ರಾಣ ಕುತ್ತಿಗೆಗೆ ಬಂತು. ಅದನ್ನು ಅಲ್ಲಿಯವರೆಗೆ ತಂದು ಮುಟ್ಟಿಸಿದ ಮಹಾನುಭಾವ, ಎತ್ತಿನ ದಲ್ಲಾಳಿ ಯೇಸಬಾ ಗಳವೆ, ಆ ಗಳಿಗೆಯಲ್ಲಿ ಕಾಲೇಜಿನ ಹಿಂದಿನ ಬೇವಿನ ಮರದ ಕೆಳಗೆ ಗಡ್ಡ ಬೋಳಿಸಿಕೊಳ್ಳುತ್ತಿದ್ದ.

ಬೋಳಿಸಿಕೊಳ್ಳಲು ಕಾರಣವಿತ್ತು. ಮಧ್ಯಾಹ್ನ ಹನ್ನೆರಡಕ್ಕೆ ಕಾಲೇಜಿನ ಕೃತಜ್ಞತಾ ಸಮಾರಂಭ. ಐದು ವರ್ಷ ಕಾಲೇಜನ್ನು ಹೊತ್ತು ಸಾಕಿದವರಿಗೆಲ್ಲ ಶಾಲು, ತೆಂಗಿನಕಾಯಿ, ಕೇಸರಿ ಪೇಟ. ಪಟ್ಟಿಯಲ್ಲಿ ಯೇಸಬಾನದು ಕೊನೆಯ ಹೆಸರು, ಅಂದರೆ ಎಲ್ಲಕ್ಕಿಂತ ದೊಡ್ಡದು. ಅರವತ್ತೆರಡು ವರ್ಷಗಳಲ್ಲಿ ಅವನ ತಲೆಗೆ ಪೇಟ ಸುತ್ತಿದ್ದು ಮದುವೆಯ ದಿನ ಮಾತ್ರ. ಅದೂ ಮಾವನ ಮನೆಯವರು ಸುತ್ತಿದ್ದು, ಸಡಿಲಾಗಿತ್ತು.

"ಅಲುಗಾಡಬ್ಯಾಡ ತಾತ್ಯಾ," ಅಂದ ಕ್ಷೌರಿಕ ನಾಮಾ, ಕತ್ತಿಯನ್ನು ಗಂಟಲಿನ ಮೇಲೆ ತೇಲಿಸುತ್ತ. "ಕುತ್ತಿಗೀನ ಇಲ್ಲಂದ್ರ ಮಾಲಿ ಎಲ್ಲಿಗೆ ಹಾಕ್ತಾರ?"

ಬಲಗೆನ್ನೆ ಮುಗಿದು ಎಡಗೆನ್ನೆಗೆ ನೊರೆ ಬಿದ್ದಿತ್ತು. ಅಷ್ಟರಲ್ಲಿ ರೂಪಾಲಿ ಮೋಟೆ ಓಡುತ್ತ ಬಂದಳು. ಕುರಿಗಾರರ ಮಗಳು, ಕಾಲೇಜಿನ ಮೊದಲ ತಂಡದವಳು, ಇನ್ನೆರಡು ತಿಂಗಳಿಗೆ ಕರಿಕೋಟು ತೊಡಬೇಕಾದವಳು. ಕುರಿಮರಿ ಕಳೆದಾಗಲೂ ಓಡದ ಹುಡುಗಿ ಓಡಿ ಬಂದದ್ದನ್ನು ನೋಡಿ ನಾಮಾನ ಕತ್ತಿ ತಾನಾಗಿಯೇ ನಿಂತಿತು.

"ತಾತ್ಯಾ, ಮಾನ್ಯತೆ ತಪಾಸಣೆ ಸಾಹೇಬರು ರಾಜಿ ಕಡತ ತಗದಾರ."

"ತಗೀಲಿ. ತಗ್ಯಾಕ ಬಂದಾರಲ್ಲ."

"ಒಳಗ ಏನೂ ಇಲ್ಲ ಅಂತಾರ. ನಲವತ್ತೊಂದೂ ಖಾಲಿ ಅಂತಾರ. ಬಾಯಿಸಾಹೇಬ್ರ ಮುಖ ಬೆಳ್ಳಗ ಸುಣ್ಣ ಆಗೇತಿ. ಹಿಂಗಾದ್ರ ಮಾನ್ಯತೆ ಇಲ್ಲ, ನಮ್ಮ ಪದವೀನೂ ಇಲ್ಲ ಅಂದ್ರಂತ. ನಿಮ್ಮನ್ನ ಕರೀತಾರ."

ಯೇಸಬಾ ಎದ್ದ. ಬಲಗೆನ್ನೆ ಮದುಮಗ, ಎಡಗೆನ್ನೆ ಬೈರಾಗಿ. ಹೆಗಲ ಮೇಲಿನ ಟವೆಲ್ಲಿನಿಂದ ನೊರೆ ಒರೆಸಿಕೊಳ್ಳಲು ಕೈ ಎತ್ತಿದವನು ತಡೆದ. ಆ ಟವೆಲ್ಲಿನಿಂದ ಅವನು ಮುಖ ಒರೆಸುವುದಿಲ್ಲ. ನಾಮಾನ ಕೊಳೆ ಬಟ್ಟೆಯಲ್ಲೇ ಒರೆಸಿಕೊಂಡು ಹೊರಟ.

ಆ ಟವೆಲ್ಲಿನ ಮಹಾತ್ಮೆ ಬೋರಾಟವಾಡಿಯಲ್ಲಿ ಮಕ್ಕಳಿಗೂ ಗೊತ್ತು. ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದು ಲಂಗೋಟಿ ಬಿಚ್ಚಿದ ಹಾಗೆ. ಕೊಳ್ಳುವವನ ಕೈ, ಮಾರುವವನ ಕೈ, ದಲ್ಲಾಳಿಯ ಕೈ, ಎಲ್ಲವೂ ಟವೆಲ್ಲಿನ ಕೆಳಗೆ. ಒಂದು ಬೆರಳು ಹಿಡಿದರೆ ಒಂದು, ನಾಲ್ಕು ಹಿಡಿದರೆ ನಾಲ್ಕು, ಅಂಗೈ ಪೂರ್ತಿ ಹಿಡಿದರೆ ಐದು, ಬೆರಳಿನ ನಡುಗೆಣ್ಣು ಒತ್ತಿದರೆ ಅರ್ಧ. ಸುತ್ತ ನೂರು ಜನ ನಿಂತಿದ್ದರೂ ಯಾರಿಗೂ ತಿಳಿಯದು. ಮೇಲೆ ಮಳೆ ಬೆಳೆಯ ಮಾತು, ಕೆಳಗೆ ಕುರುಕ್ಷೇತ್ರ. ಗೆದ್ದವನಿಗೆ ಮೆರೆಯಲು ಎಡೆಯಿಲ್ಲ, ಸೋತವನಿಗೆ ನಾಚಿಕೆಯಿಲ್ಲ. ದಲ್ಲಾಳಿ ಮಾತ್ರ ಎಲ್ಲ ಬಲ್ಲ, ಆದರೆ ಅವನಿಗೆ ನಾಲಿಗೆಯಿಲ್ಲ. ಯೇಸಬಾನ ಅಪ್ಪ ಸಾಯುವ ಹಾಸಿಗೆಯಲ್ಲಿದ್ದಾಗ ಹೆಂಡತಿ ಕೇಳಿದ್ದಳಂತೆ, "ನಮ್ಮದ ಎತ್ತು ಎಷ್ಟಕ್ಕ ಮಾರಿದ್ರಿ, ಈಗಾದ್ರೂ ಹೇಳ್ರಿ." ಆತ ಗೋಡೆಯ ಕಡೆ ತಿರುಗಿ ಪ್ರಾಣಬಿಟ್ಟ. ಇಂಥ ವಂಶ.

ಅಂಥವನಿಗೂ ಕಾಲೇಜಿಗೂ ಗಂಟು ಬಿದ್ದದ್ದು ಎತ್ತುಗಳ ದಯೆಯಿಂದ. ಐದು ವರ್ಷದ ಹಿಂದೆ ಪ್ರಾಚಾರ್ಯೆ ಉಜ್ವಲಾ ಖಿಲಾರೆ, ಊರಿಗೆಲ್ಲ ಬಾಯಿಸಾಹೇಬರು, ಒಂದು ಟ್ರಂಕು ಪುಸ್ತಕ, ಹತ್ತೊಂಬತ್ತು ಮಕ್ಕಳೊಂದಿಗೆ ಬಂದಾಗ ಸಂತೆ ಸಮಿತಿಯವರು ಹಳೆಯ ಹರಾಜು ಶೆಡ್ಡನ್ನು ಬಿಟ್ಟುಕೊಟ್ಟಿದ್ದರು. ಶನಿವಾರ ಕರಾರು ಕಾಯಿದೆಯ ಪಾಠ ನಡೆದರೆ ಕಿಟಕಿಯಿಂದ ಹೋರಿಯೊಂದು ಮುಖವಿಟ್ಟು ಆಕ್ಷೇಪಣೆ ಸಲ್ಲಿಸುತ್ತಿತ್ತು. ಬೈಯಲು ಹೊರಗೆ ಬಂದ ಬಾಯಿಸಾಹೇಬರು ಯೇಸಬಾನ ಟವೆಲ್ಲು ಕಂಡು ಅರ್ಧ ಗಂಟೆ ನಿಂತೇಬಿಟ್ಟರು.

"ಕಾಗದ ಇಲ್ಲ, ಸಹಿ ಇಲ್ಲ. ಒಬ್ಬ ಹಿಂದ ಸರದ್ರ ಏನ್ ಮಾಡ್ತೀರಿ?"

"ಮುಂದಿನ ವಾರದಿಂದ ಅವನ ಕೈ ಯಾರೂ ಹಿಡಿಯೂದಿಲ್ರಿ."

"ಇದನ್ನ ಒಳಗ ಬಂದು ಹೇಳ್ತೀರೇನು?"

ಒಳಗೆ ಹೋದವನು ಹೊರಗೆ ಬರಲೇ ಇಲ್ಲ. ಕಾಲೇಜಿನ ಉಚಿತ ಸಲಹಾ ಕೇಂದ್ರಕ್ಕೆ ಜಗಳ ಹೊತ್ತು ಬಂದವರು ಮಕ್ಕಳ ಮುಂದೆ ಬಾಯಿಬಿಡುತ್ತಿರಲಿಲ್ಲ. ಯೇಸಬಾ ಟವೆಲ್ಲು ಹಾಸಿದ. ಓಣಿಯ ಅಗಲ ಎಷ್ಟು ಮೊಳ, ಮಗು ಗಂಡನ ಹತ್ತಿರ ವಾರಕ್ಕೆ ಎಷ್ಟು ದಿನ, ಕುರಿಹಿಂಡು ಹೊಲದಲ್ಲಿ ಎಷ್ಟು ರಾತ್ರಿ. ಬಾಯಲ್ಲಿ ಹೇಳಲಾಗದ್ದನ್ನು ಬೆರಳು ಹೇಳಿತು. ನಲವತ್ತೊಂದು ಜಗಳ ಹೀಗೆ ತಣ್ಣಗಾದವು, ಒಂದೂ ಮತ್ತೆ ಬಿಸಿಯಾಗಲಿಲ್ಲ. ರಾಜಿಯಾದವರು ಕಾಲೇಜನ್ನು ಬರಿಗೈಯಲ್ಲಿ ಬಿಡಲಿಲ್ಲ. ಓಣಿಗಾಗಿ ಹೊಡೆದಾಡಿದ ನೆರೆಯವರಿಬ್ಬರು ಒಂದು ಕರಿಹಲಗೆ ಕೊಟ್ಟರು, ತಲಾ ಅರ್ಧ, ನಡುವೆ ಸೀಳು. ಬಾಡಿಗೆಗೆ ಮಂಟಪ ಹಾಕುವವನು ಕುರ್ಚಿ ಕೊಟ್ಟ. ನಾಮಾ ಹುಡುಗರಿಗೆಲ್ಲ ಬಿಟ್ಟಿ ಕ್ಷೌರ ಕೊಟ್ಟ, ಬೇಡವೆಂದವರಿಗೂ ಕೊಟ್ಟ. ಹತ್ತೊಂಬತ್ತು ಮಕ್ಕಳು ನೂರ ಮೂವತ್ತಾದರು.

ರೂಪಾಲಿಯೂ ಅವಳ ಸಂಗಡಿಗರೂ ಕಡತ ಬರೆಯುತ್ತಿದ್ದರು. ವಾದಿಯ ಹೆಸರು, ಪ್ರತಿವಾದಿಯ ಹೆಸರು, ತಂಟೆಯ ವಿಷಯ, ಎಲ್ಲ ದುಂಡಗೆ. "ರಾಜಿಯ ಷರತ್ತು" ಎಂಬ ಜಾಗದಲ್ಲಿ ಮಾತ್ರ ನಲವತ್ತೊಂದು ಕಡೆಯೂ ಒಂದೇ ಸಾಲು: "ಟವೆಲ್ಲಿನೊಳಗೆ ಒಪ್ಪಿಗೆಯಾಯಿತು." ಕೆಳಗೆ ಇಬ್ಬರ ಹೆಬ್ಬೆಟ್ಟು, ಅದರ ಕೆಳಗೆ ಪ್ರಾಚಾರ್ಯೆಯ ಸಹಿ. ಬೋರಾಟವಾಡಿಯಲ್ಲಿ ಇದು ಯಾರಿಗೂ ತಪ್ಪೆನಿಸಲಿಲ್ಲ. ಟವೆಲ್ಲಿನೊಳಗಿನದನ್ನು ಕೇಳುವ ಅನಾಗರಿಕರು ಈ ಸೀಮೆಯಲ್ಲಿ ಹುಟ್ಟಿರಲಿಲ್ಲ.

ಅವರು ಪುಣೆಯಲ್ಲಿ ಹುಟ್ಟಿದ್ದರು. ಆ ಬೆಳಿಗ್ಗೆ ಜೀಪಿನಲ್ಲಿ ಬಂದಿಳಿದಿದ್ದರು.

ಪ್ರಾಚಾರ್ಯೆಯ ಕೋಣೆಯಲ್ಲಿ ನಿವೃತ್ತ ನ್ಯಾಯಾಧೀಶ ಪರಾಂಜಪೆಯವರು ಕೂತಿದ್ದರು. ಒಣಗಿದ ಶುಂಠಿಯಂಥ ಮನುಷ್ಯ, ಮುಟ್ಟಿದರೆ ಮುರಿಯುವ ಇಸ್ತ್ರಿ. ಅವರ ಜೊತೆಗಾರರಿಬ್ಬರಲ್ಲಿ ಒಬ್ಬರು ಪುಸ್ತಕ ಎಣಿಸಲು, ಇನ್ನೊಬ್ಬರು ಶೌಚಾಲಯ ಅಳೆಯಲು ಹೋಗಿದ್ದರು. ಮೇಜಿನ ಮೇಲೆ ನಲವತ್ತೊಂದು ಹಸಿರು ಕಡತಗಳು ಬಾಯಿ ತೆರೆದು ಮಲಗಿದ್ದವು. ಉಜ್ವಲಾ ಬಾಯಿಸಾಹೇಬರು ಎಂದೂ ನಿಲ್ಲದವರು ನಿಂತಿದ್ದರು.

ಪರಾಂಜಪೆ ಯೇಸಬಾನ ಬಲಗೆನ್ನೆ ನೋಡಿದರು, ಎಡಗೆನ್ನೆ ನೋಡಿದರು, ಎರಡರ ನಡುವೆ ರಾಜಿ ಮಾಡಿಸಲಾಗದೆ ಕಣ್ಣನ್ನು ಕಡತಕ್ಕಿಳಿಸಿದರು.

"ಸೇತುವೆಯಂಥ ಕಾಲೇಜು, ಜನರ ಕಾಲೇಜು ಎಂದೆಲ್ಲ ವರದಿಯಲ್ಲಿ ಬರೆದಿದ್ದೀರಿ. ನಲವತ್ತೊಂದು ರಾಜಿ ಮಾಡಿಸಿದ್ದೀರಂತೆ. ಒಂದರಲ್ಲೂ ಷರತ್ತಿಲ್ಲ. ನಾಳೆ ಯಾರಾದರೂ ಇದು ಸುಳ್ಳು ಲೆಕ್ಕ, ತೋರಿಕೆಯ ಕಡತ ಎಂದರೆ ನಾನು ಏನು ಹೇಳಲಿ? ಷರತ್ತು ನಿಮಗೊಬ್ಬರಿಗೆ ಗೊತ್ತಿದೆ ಎನ್ನುತ್ತಾರೆ. ಹೇಳಿ, ಬರೆದುಕೊಳ್ಳುತ್ತೇನೆ. ಮೊದಲನೆಯದು?"

ಯೇಸಬಾ ಕೈಮುಗಿದ. "ಆಗೂದಿಲ್ರಿ ಸಾಹೇಬ್ರ."

"ನೆನಪಿಲ್ಲವೇ?"

"ನೆನಪೈತ್ರಿ. ಅದಕ್ಕ ಆಗೂದಿಲ್ಲ."

"ತಾತ್ಯಾ!" ಅಂದರು ಬಾಯಿಸಾಹೇಬರು. ಆ ಒಂದು ಕರೆಯಲ್ಲಿ ನೂರ ಮೂವತ್ತು ಮಕ್ಕಳ ಹೆಸರಿತ್ತು. ಬಾಗಿಲಲ್ಲಿ ನಿಂತ ರೂಪಾಲಿ ಓಢಣಿಯ ತುದಿಯನ್ನು ಹಿಂಡುತ್ತಿದ್ದಳು.

ಯೇಸಬಾ ಮನದಲ್ಲೇ ತೂಗಿ ನೋಡಿದ. ಹೇಳಿದರೆ ನಲವತ್ತು ವರ್ಷದ ಕೈ ಹೋಗುತ್ತದೆ. ಹೇಳದಿದ್ದರೆ ಈ ಹುಡುಗಿಯ ಕೋಟು ಹೋಗುತ್ತದೆ. ಎತ್ತಿನ ಹಲ್ಲು ನೋಡಿ ವಯಸ್ಸು ಹೇಳುವವನಿಗೆ ಈ ಎರಡರಲ್ಲಿ ಯಾವುದರ ವಯಸ್ಸು ಹೆಚ್ಚೆಂದು ಹೊಳೆಯಲಿಲ್ಲ. ಹೊಳೆದದ್ದು ಬೇರೆಯೇ.

"ಸಾಹೇಬ್ರ, ನಾ ಹೇಳೂದಿಲ್ಲ. ಆದ್ರ ರಾಜಿಯಾದವ್ರೆಲ್ಲ ಇವತ್ತು ಸಮಾರಂಭಕ್ಕ ಬಂದಾರ. ಒಬ್ಬೊಬ್ರನ್ನ ಬ್ಯಾರೆ ಬ್ಯಾರೆ ಕರೀರಿ. ನಿಮ್ಮ ಕೈ ಹಿಡದು ಅವ್ರ ಹೇಳಲಿ. ಇಬ್ರೂ ಒಂದ ಒತ್ತಿದ್ರ ಖರೆ. ಇಲ್ಲಂದ್ರ ನಾನೂ ಖೊಟ್ಟಿ, ಕಾಲೇಜೂ ಖೊಟ್ಟಿ."

ಪರಾಂಜಪೆ ತಮ್ಮ ಕೈಯನ್ನು ನೋಡಿಕೊಂಡರು. ಮೂವತ್ತೆರಡು ವರ್ಷ ಸಹಿ ಮಾತ್ರ ಮಾಡಿದ್ದ ಕೈ. ಸಾಕ್ಷಿಗಳನ್ನು ಬೇರೆಬೇರೆಯಾಗಿ ವಿಚಾರಿಸುವುದು ಅವರಿಗೂ ಒಗ್ಗಿದ ವಿದ್ಯೆಯೇ. ಇಸ್ತ್ರಿಯ ತೋಳನ್ನು ಒಂದು ಮಡಿಕೆ ಮೇಲೇರಿಸಿದರು.

"ಕಲಿಸಿ," ಎಂದರು.

ಜಗತ್ತಿನ ಅತ್ಯಂತ ಚಿಕ್ಕ ಕಾನೂನು ತರಗತಿ ಐದು ನಿಮಿಷ ನಡೆಯಿತು. ವಿದ್ಯಾರ್ಥಿ ಚುರುಕು, ಒಂದೇ ದೋಷವೆಂದರೆ ಬೆರಳು ಹಿಡಿದಾಗಲೆಲ್ಲ ಕಚಗುಳಿಯಿಂದ ಹುಬ್ಬು ಹಾರುತ್ತಿತ್ತು. "ಮುಖ ಮ್ಯಾಲ ಮಾತಾಡಬಾರ್ದ್ರಿ ಸಾಹೇಬ್ರ," ಅಂದ ಗುರು. "ಹೋರಿಯಂಗ ನಿಂದರ್ರಿ." ಮೂರು ದಶಕ ಬೇರೆಯವರಿಗೆ ಹೇಗೆ ನಿಲ್ಲಬೇಕೆಂದು ಹೇಳಿದವರು ಹೋರಿಯ ಹಾಗೆ ನಿಂತರು.

ನಾಲ್ಕನೆಯ ಕಡತ ಬಂತು. ಕರಿಹಲಗೆಯ ಎಡ ಅರ್ಧ ಕೊಟ್ಟವನು ಒಳಗೆ ಬಂದು ಟವೆಲ್ಲಿನ ಕೆಳಗೆ ಒತ್ತಿದ, ಹೋದ. ಬಲ ಅರ್ಧದವನು ಬಂದು ಒತ್ತಿದ. ಪರಾಂಜಪೆಯವರ ಹುಬ್ಬು ಮೇಲೇರಿ ಅಲ್ಲೇ ಉಳಿಯಿತು. ಇಬ್ಬರೂ ಒತ್ತಿದ್ದು ಒಂದೇ. ಹನ್ನೊಂದನೆಯದು: ಬೇರೆಯಾದ ಗಂಡಹೆಂಡತಿ, ಒಬ್ಬರ ಮುಖ ಒಬ್ಬರು ನೋಡದೆ ಬಾಗಿಲಲ್ಲಿ ಹಾದುಹೋದರು, ಒತ್ತಿದ್ದು ಒಂದೇ. ಮೂವತ್ತಮೂರನೆಯದು, ಒಂದೇ. ಎಷ್ಟು ಎಂದು ಯಾರೂ ಕೇಳಬಾರದು. ಉಜ್ವಲಾ ಬಾಯಿಸಾಹೇಬರು ಮೊದಲ ಬಾರಿಗೆ ಉಸಿರು ಬಿಟ್ಟು ಕುರ್ಚಿಯ ಅಂಚಿಗೆ ಕೂತರು.

"ಇನ್ನೊಂದು ಸಾಕು," ಎಂದು ಪರಾಂಜಪೆ ಕಡತಗಳ ನಡುವೆ ಕೈಹಾಕಿ ಎಳೆದರು. "ಹತ್ತೊಂಬತ್ತು. ಶೇಂಡಗೆ ಸೋದರರು. ಬಾವಿಯ ನೀರಿನ ಪಾಳಿ."

ಯೇಸಬಾ ಆ ಕಡತದ ಮೇಲೆ ಕೈಯಿಟ್ಟ.

"ಸಾಹೇಬ್ರ, ಅದು ಬ್ಯಾಡ್ರಿ. ಇಪ್ಪತ್ತು ತಗೋರಿ, ಇಪ್ಪತ್ತು ಭಾಳ ಚಲೋ ಐತಿ."

ನ್ಯಾಯಾಧೀಶರ ಮುಂದೆ ಹೀಗೆನ್ನುವುದು, ಈ ಚೀಲದಲ್ಲಿ ಹಾವಿಲ್ಲ ಎಂದು ಪೊಲೀಸರಿಗೆ ತಾನಾಗಿ ಹೇಳಿದಂತೆ. ಹತ್ತೊಂಬತ್ತೇ ಆಗಬೇಕೆಂದು ಆಜ್ಞೆಯಾಯಿತು.

ಹಿರಿಯ ಭಾನುದಾಸ ಶೇಂಡಗೆ ಬಂದ, ಮೀಸೆ ತಿರುವಿಕೊಂಡು ಒತ್ತಿದ: ನಾಲ್ಕು. ಹೊರಗೆ ಹೋದ. ಕಿರಿಯ ಬಿರು ಶೇಂಡಗೆ ಬಂದ, ಹಲ್ಲು ಕಿರಿದು ಒತ್ತಿದ: ನಾಲ್ಕು. ಅವನೂ ಹೋದ. ಇಬ್ಬರ ನಡೆಯಲ್ಲೂ ಗೆದ್ದವನ ಠೀವಿ.

ಪರಾಂಜಪೆ ಮೊದಲು ತಲೆಯಾಡಿಸಿದರು, ಒಂದೇ ಅಂಕಿ, ಸರಿ. ಆಮೇಲೆ ತಲೆ ನಿಂತಿತು. "ಇಬ್ಬರೂ ತಮ್ಮ ತಮ್ಮ ಪಾಳಿಯ ದಿನ ಹೇಳಿದರು, ಅಲ್ಲವೇ?" ಎಂದು ಮೆಲ್ಲಗೆ ಕೇಳಿದರು. "ಗಳವೆಯವರೇ, ಬೋರಾಟವಾಡಿಯಲ್ಲಿ ವಾರಕ್ಕೆ ಎಷ್ಟು ದಿನ?"

ಬಾಯಿಸಾಹೇಬರನ್ನೂ ರೂಪಾಲಿಯನ್ನೂ ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಲಾಯಿತು.

ನಡೆದದ್ದು ಇಷ್ಟು. ಒಂದೂವರೆ ವರ್ಷದ ಹಿಂದೆ ಅಣ್ಣತಮ್ಮ ಇಬ್ಬರೂ ನಾಲ್ಕು ದಿನಕ್ಕೆ ಪಟ್ಟು ಹಿಡಿದಿದ್ದರು. ಮೂರೂವರೆ ಎಂದರೆ ಇಬ್ಬರೂ ಕೊಡಲಿ ಮುಟ್ಟುತ್ತಿದ್ದರು. ಬೇಕಾದದ್ದು ನೀರಲ್ಲ, ಇನ್ನೊಬ್ಬನಿಗಿಂತ ಒಂದು ಹೆಚ್ಚು. ಯೇಸಬಾ ಇಬ್ಬರ ಕೈಗೂ ನಾಲ್ಕು ಒತ್ತಿದ. ಬಿರು ಗುರುವಾರ ಹಗಲೆಲ್ಲ ಪಕ್ಕದೂರಿನ ಸಂತೆಯಲ್ಲಿರುತ್ತಾನೆ, ಭಾನುದಾಸ ಕತ್ತಲಾದರೆ ಹೊಲಕ್ಕೆ ಕಾಲಿಡುವವನಲ್ಲ. ಹಾಗಾಗಿ ಗುರುವಾರದ ಹಗಲು ಅಣ್ಣನಿಗೆ, ರಾತ್ರಿ ತಮ್ಮನಿಗೆ. ಇಬ್ಬರಿಗೂ ಅದು ಒಂದೊಂದು ಪೂರ್ತಿ ಗುರುವಾರ. ಭೂಮಿ ಸೂರ್ಯನ ಸುತ್ತ ಸುತ್ತತೊಡಗಿದಂದಿನಿಂದ ಯಾರಿಗೂ ಆಗದ ಕೆಲಸವನ್ನು ಎತ್ತಿನ ದಲ್ಲಾಳಿಯೊಬ್ಬ ಬೇವಿನ ನೆರಳಲ್ಲಿ ಕೂತು ಮಾಡಿದ್ದ: ವಾರಕ್ಕೆ ಎಂಟನೆಯ ದಿನ.

ಇದನ್ನೂ ಅವನು ಬಾಯಲ್ಲಿ ಹೇಳಲಿಲ್ಲ. ನ್ಯಾಯಾಧೀಶರ ಕೈಯ ನಾಲ್ಕನೆಯ ಬೆರಳಿನ ನಡುಗೆಣ್ಣನ್ನು ಒತ್ತಿದ. ಒಮ್ಮೆ, ಮತ್ತೊಮ್ಮೆ. ಅರ್ಧ, ಅರ್ಧ.

ಪರಾಂಜಪೆಯವರಿಗೆ ಅರ್ಥವಾಯಿತು. ನಗು ತುಟಿಯವರೆಗೆ ಬಂದದ್ದನ್ನು ನುಂಗಿದರು. "ಇಬ್ಬರ ಮನಸ್ಸೂ ಒಂದೇ ಮಾತಿನ ಮೇಲೆ ಕೂಡದಿದ್ದರೆ ಅದು ಕರಾರಲ್ಲ. ನಿಮ್ಮ ಮೊದಲ ವರ್ಷದ ಹುಡುಗರನ್ನು ಕೇಳಿ."

"ಕೇಳೀನ್ರಿ. ಕಿಟಕಿಯಿಂದ. ಆ ಪಾಠದ ದಿನ ನನಗ ನಿದ್ದಿ ಹತ್ತಲಿಲ್ಲ."

"ಕಾಲೇಜು ನಿಂತಿರುವುದು ನಿಮ್ಮ ಕೈಚಳಕದ ಮೇಲೋ, ಕಾನೂನಿನ ಮೇಲೋ? ನಾನು ಏನೆಂದು ಶಿಫಾರಸು ಬರೆಯಲಿ?"

ಯೇಸಬಾನಿಗೆ ಒಂದು ವಿಚಿತ್ರ ಗಮನಕ್ಕೆ ಬಂತು. ಟವೆಲ್ಲಿನ ಕೆಳಗಿನ ಮೆತ್ತಗಿನ ಕೈ ಇನ್ನೂ ಹಿಂದೆ ಸರಿದಿರಲಿಲ್ಲ. ನಲವತ್ತು ವರ್ಷದ ಅನುಭವ ಕಿವಿಯಲ್ಲಿ ಕೂಗಿತು: ಹೋಗಬೇಕೆಂದಿರುವ ಗಿರಾಕಿ ಕೈ ಬಿಟ್ಟು ಹೋಗುತ್ತಾನೆ.

ಮೆತ್ತಗಿನ ಕೈ ಒಂದು ಬೆರಳು ಹಿಡಿಯಿತು. ಒಂದು ವರ್ಷದ ಮಾನ್ಯತೆ.

ಯೇಸಬಾನ ರಕ್ತ ತಾನಾಗಿಯೇ ಸಂತೆಗೆ ಓಡಿತು. ಅಂಗೈ ಪೂರ್ತಿ ಹಿಡಿದ. ಐದು!

ಪರಾಂಜಪೆ ಕೈ ಕೊಸರಿಕೊಂಡು ಮತ್ತೆ ಹಿಡಿದರು. ಮೇಲೆ ಇಬ್ಬರ ಮುಖವೂ ಗೋಡೆಯ ಕ್ಯಾಲೆಂಡರನ್ನು ಭಕ್ತಿಯಿಂದ ನೋಡುತ್ತಿತ್ತು. ಎರಡು. ನಾಲ್ಕು. ಎರಡು. ಹೊರಗೆ ಹೋರಿಯೊಂದು ಗುಟುರು ಹಾಕಿತು. ಕೊನೆಗೆ ಮೆತ್ತಗಿನ ಕೈ ಮೂರು ಬೆರಳು ಹಿಡಿದು, ಬಿಡದೆ, ಬಿಗಿಯಾಗಿ ನಿಂತಿತು.

"ಇದಕ್ಕೊಂದು ಷರತ್ತು, ಇದನ್ನು ಬಾಯಲ್ಲೇ ಹೇಳುತ್ತೇನೆ," ಎಂದರು. "ಹತ್ತೊಂಬತ್ತನೆಯದನ್ನು ಇವತ್ತೇ, ಎಲ್ಲರ ಮುಂದೆ ಬಿಚ್ಚಬೇಕು. ಸರಿಯಾದ ರಾಜಿ ನನ್ನ ಕಣ್ಣೆದುರು ಬರಹದಲ್ಲಿ ಆಗಬೇಕು. ಆಗದಿದ್ದರೆ ಈ ಕೈ ಏನೂ ಹೇಳಿಲ್ಲ."

ಹನ್ನೆರಡು ಹೊಡೆಯಿತು.

ಶೆಡ್ಡಿನ ಮುಂದೆ ಮಂಟಪ ತುಂಬಿತ್ತು. ಬಾಯಿಸಾಹೇಬರು ಧ್ವನಿವರ್ಧಕದ ಮುಂದೆ ನಿಂತು ಹೆಸರು ಓದಿದರು. ತಾವು ಈ ಜನಕ್ಕೆ ವಂದನೆ ಹೇಳುತ್ತಿದ್ದೇವೋ, ಕಾಲೇಜಿನ ತಿಥಿಯ ಊಟಕ್ಕೆ ಕರೆದಿದ್ದೇವೋ ಅವರಿಗೇ ತಿಳಿದಿರಲಿಲ್ಲ. "ಈ ಕಾಲೇಜಿಗೆ ಗೋಡೆ ಇರಲಿಲ್ಲ, ನೀವು ಗೋಡೆಯಾದಿರಿ," ಎಂದರು. ಕುರ್ಚಿ ಕೊಟ್ಟವನು, ಕರಿಹಲಗೆಯ ಎರಡು ಅರ್ಧಗಳು, ನಾಮಾ, ಶೇಂಡಗೆ ಸೋದರರು, ಒಬ್ಬೊಬ್ಬರಾಗಿ ಶಾಲು ಹೊದ್ದು, ತೆಂಗಿನಕಾಯಿ ಹಿಡಿದು, ಪೇಟದ ಭಾರಕ್ಕೆ ಕತ್ತು ಸೆಟೆಸಿ ಕೂತರು.

ಕೊನೆಗೆ ಯೇಸಬಾ. ಒಂದು ಕೆನ್ನೆಯ ಗಡ್ಡ, ಕೇಸರಿ ಪೇಟ. ಚಪ್ಪಾಳೆಯೋ ಚಪ್ಪಾಳೆ. "ಎರಡು ಮಾತು ತಾತ್ಯಾ!" ಎಂದು ಹುಡುಗರು ಕೂಗಿದರು.

ಅವನು ನಾಲ್ಕು ಮಾತು ಆಡಿದ.

"ಭಾನುದಾಸಾ, ನಿನ್ನ ಪಾಳಿ ನಾಕು ದಿನ. ಬಿರು, ನಿಂದೂ ನಾಕು. ಗುರುವಾರ ಇಬ್ರಿಗೂ ಕೊಟ್ಟೀನಿ. ತಪ್ಪು ನಂದು."

ಸಂತೆಯ ಜನ ಇನ್ನೊಬ್ಬರ ಹೆಂಡತಿಯ ಗುಟ್ಟು ಕೇಳಿದವರ ಹಾಗೆ ತಲೆತಗ್ಗಿಸಿದರು. ಭಾನುದಾಸ ಬೆರಳು ಮಡಚಿ ಎಣಿಸಿದ. ಎರಡನೆಯ ಸಲ ಎಣಿಸಿ ಎದ್ದ.

"ನಾಕು ನನ್ನವು! ಅವಂಗ ಮೂರ ಅಂದಿದ್ದಿ!"

"ಏ ಅಣ್ಣಾ, ಮೂರು ನಿಂದು! ನನ್ನ ಗುರುವಾರ ಕದ್ದಿಯೇನೋ ಕಳ್ಳ?"

"ಯಾರಿಗೆ ಕಳ್ಳ ಅಂತೀ? ರಾತ್ರಿ ಗೂಗಿ ಹಂಗ ಬಂದು ಮೋಟರ್ ಹಚ್ಚಾವ ನೀನು!"

ಇಬ್ಬರ ಕೈಯಲ್ಲೂ ಕೃತಜ್ಞತೆಯ ತೆಂಗಿನಕಾಯಿ. ಇಬ್ಬರೂ ಅದನ್ನು ಹೆಗಲಿನೆತ್ತರಕ್ಕೆ ಎತ್ತಿದರು. ಶಾಲುಗಳು ಜಾರಿದವು. ಅದಕ್ಕಿಂತ ಕೆಟ್ಟದ್ದು ಹಿಂದಿನ ಸಾಲಿನಿಂದ ಬಂತು: "ನಮ್ಮದೂ ಹಿಂಗ ಮಾಡಿಯೇನೋ ಯೇಸಬಾ?" ಒಬ್ಬನೆಂದ. ಕರಿಹಲಗೆಯ ಎಡ ಅರ್ಧ ಬಲ ಅರ್ಧವನ್ನು ಓರೆಗಣ್ಣಲ್ಲಿ ನೋಡಿತು.

"ಇದೊಂದ! ನನ್ನ ಕೊಟಗಿ ಮ್ಯಾಲ ಆಣಿ, ಇದೊಂದ!" ಎಂದ ಯೇಸಬಾ. ಧ್ವನಿವರ್ಧಕ ಕಿರುಚಿತು, ಅವನ ಮಾತು ಅದರಲ್ಲಿ ಮುಳುಗಿತು.

ಭಾನುದಾಸ ತಿರುಗಿ ಅವನತ್ತ ಕಾಯಿ ತೋರಿಸಿದ. "ಇಷ್ಟು ವರ್ಷ ನಿನ್ನ ಕೈ ನಂಬಿ ಎತ್ತು ಕೊಂಡೀನಿ. ಇನ್ನ ಯಾರ ಹಿಡೀತಾರೋ ನಿನ್ನ ಕೈ, ನೋಡ್ತೀನಿ."

ಪರಾಂಜಪೆ ಕುರ್ಚಿಯಲ್ಲಿ ಅಲುಗಾಡದೆ ಕೂತಿದ್ದರು. ಲೇಖನಿಯ ಮುಚ್ಚಳ ತೆಗೆದು ಮಡಿಲಲ್ಲಿಟ್ಟುಕೊಂಡಿದ್ದರು.

ಆಗ ರೂಪಾಲಿ ಮೋಟೆ ಎರಡು ತೆಂಗಿನಕಾಯಿಗಳ ನಡುವೆ ಹೋಗಿ ನಿಂತಳು. ಎರಡು ಟಗರಿನ ನಡುವೆ ನಿಂತು ಬೆಳೆದವಳು. ಕೈಯಲ್ಲಿ ಹತ್ತೊಂಬತ್ತನೆಯ ಕಡತ, ಕಿವಿಯ ಮೇಲೆ ಪೆನ್ನು.

"ಹೊಡೀರಿ ಕಾಕಾ, ಆದ್ರ ಮೊದಲ ಒಂದು ಮಾತು ಹೇಳ್ರಿ. ಬಾವಿ ಯಾರದು?"

"ಅಪ್ಪಂದು. ಇನ್ಯಾರದು?"

"ಅಪ್ಪಗ ಮಕ್ಕಳೆಷ್ಟು?"

"ಇಬ್ರು. ಕಾಣೂದಿಲ್ಲೇನು?"

"ಬರೋಬ್ಬರಿ ಎಣಿಸ್ರಿ."

ಭಾನುದಾಸ ತಿರುಗಿ ನೋಡಿದ. ಅಡುಗೆ ಮನೆಯ ಕಡೆಯಿಂದ ಅವರ ಅಕ್ಕ ಹೌಸಾಬಾಯಿ ಬಂದು ನಿಂತಿದ್ದಳು. ಗಂಡ ಸತ್ತು ತವರಿನ ಹೊಲದಂಚಿಗೆ ಬಂದು ನೆಲೆಸಿದವಳು, ಮೂರು ವರ್ಷದಿಂದ ಕಾಲೇಜಿನ ಹುಡುಗರಿಗೆ ಜೋಳದ ಭಾಕ್ರಿ ಬಡಿದು ಹಾಕುವವಳು. ಪಾಲು ಬೇಡವೆಂದು ಅವಳಿಂದ ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಭಾನುದಾಸ ಕಾಗದ ಹಿಡಿದು ಅವಳ ಹಿಂದೆ ತಿರುಗತೊಡಗಿ ಅಷ್ಟೇ ವರ್ಷವಾಗಿತ್ತು. ಹೋದಾಗಲೆಲ್ಲ ಅವಳ ಕೈಗೆ ಹಿಟ್ಟು ಹತ್ತಿರುತ್ತಿತ್ತು. ಈಗಲೂ ಹತ್ತಿತ್ತು.

"ಕಾನೂನಿನಾಗ ಮಗಳೂ ಮಗನ ಸರೀನ," ಅಂದಳು ರೂಪಾಲಿ. "ಅತ್ಯಾ ಕೋರ್ಟಿಗೆ ಹೋದ್ರ ಏಳು ದಿನದಾಗ ಮೂರನೇ ಒಂದು ಪಾಲು. ಎರಡು ದಿನದ ಮ್ಯಾಲ. ಎಂಟು ದಿನ ಹಂಚಿಕೊಂಡ್ರಲ್ಲ, ಅದರಾಗ ಅವ್ರಿಗೊಂದು ತಾಸೂ ಇಲ್ಲ. ಅತ್ಯಾ, ನಿಮಗೆಷ್ಟು ಬೇಕು?"

ಈ ಪ್ರಶ್ನೆಯನ್ನು ಹೌಸಾಬಾಯಿಗೆ ಐವತ್ತೆಂಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಮಂಟಪವೆಲ್ಲ ಅವಳತ್ತ ತಿರುಗಿತು. ಹೆಂಗಸು, ಅದೂ ತಮ್ಮಂದಿರ ಎದುರು, ಹೇಗೆ ಬಾಯಿಬಿಟ್ಟಾಳು? ಯೇಸಬಾನ ಕೈ ಅಭ್ಯಾಸಬಲದಿಂದ ಹೆಗಲ ಟವೆಲ್ಲು ತೆಗೆದು ಅವಳ ಮುಂದೆ ಹಾಸಿತು.

ಅವಳು ಅದನ್ನು ಹಿಟ್ಟಿನ ಕೈಯಿಂದ ಪಕ್ಕಕ್ಕೆ ಸರಿಸಿದಳು.

"ತಗೀ ತಾತ್ಯಾ. ನನಗ ಮುಚ್ಚಿ ಹೇಳೂವಂಥಾದ್ದು ಏನಿಲ್ಲ. ಎರಡು ದಿನ ಒಯ್ದು ನಾ ಎಲ್ಲಿ ಹಚ್ಚಲಿ, ನನ್ನದಿರೂದು ಅರ್ಧ ಎಕರೆ ಬದನಿ. ಗುರುವಾರ ಕೊಡ್ರಿ. ಹಗಲೂ ನಂದು, ರಾತ್ರೀನೂ ನಂದು." ತಮ್ಮಂದಿರತ್ತ ತಿರುಗಿ ಸೇರಿಸಿದಳು: "ಆ ಕಾಯಿ ಇಳಸ್ರೋ. ಮಂದಿ ನೋಡಾಕತ್ತಾರ."

ಬಿರು ಮೊದಲು ಇಳಿಸಿದ. ಭಾನುದಾಸ ಇನ್ನೂ ಎಣಿಸುತ್ತಿದ್ದ. ತನಗೆ ಮೂರು. ತಮ್ಮನಿಗೆ? ಮೂರು. ಹೋಯಿತು, ತನ್ನದೊಂದು ದಿನ ಹೋಯಿತು. ಆದರೆ ಆ ಮಗನದೂ ಹೋಯಿತು! ಅವನ ಮುಖದ ಮೇಲೆ ನಿಧಾನವಾಗಿ ಹರಡಿದ ಶಾಂತಿಯನ್ನು ನೋಡಿದರೆ ಯಾವ ಧರ್ಮಗುರುವಿಗೂ ಹೊಟ್ಟೆಕಿಚ್ಚಾಗಬೇಕು.

"ಬರಕೋ ಮಗಳ," ಅಂದ ಕಾಯಿ ಇಳಿಸುತ್ತ. "ಅವಂದೂ ಮೂರಂತ ದಪ್ಪಗ ಬರಿ."

ರೂಪಾಲಿ ನೆಲದ ಮೇಲೆಯೇ ಕೂತು ಬರೆದಳು. ಸೋಮ, ಮಂಗಳ, ಬುಧ ಒಬ್ಬನಿಗೆ. ಶುಕ್ರ, ಶನಿ, ಭಾನು ಇನ್ನೊಬ್ಬನಿಗೆ. ಗುರುವಾರ ಸೂರ್ಯೋದಯದಿಂದ ಶುಕ್ರವಾರದ ಸೂರ್ಯೋದಯದವರೆಗೆ ಹೌಸಾಬಾಯಿಗೆ. ಬಾವಿಯಲ್ಲಿ ಅವಳ ಉಳಿದ ಹಕ್ಕಿಗೆ ಇದರಿಂದ ಬಾಧೆಯಿಲ್ಲ. ಕೊನೆಯ ಸಾಲನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಓದಿದಳು. ಮೂರು ಹೆಬ್ಬೆಟ್ಟು ಬಿದ್ದವು, ಒಂದು ಸ್ವಲ್ಪ ಹಿಟ್ಟಿನದು. ಪರಾಂಜಪೆ ಆ ಕೊನೆಯ ಸಾಲನ್ನು ಎರಡು ಸಲ ಓದಿ ಲೇಖನಿಗೆ ಮುಚ್ಚಳ ಹಾಕಿದರು. ಊಟಕ್ಕೆ ಕಡಲೆಹಿಟ್ಟಿನ ಝುಣಕ, ಭಾಕ್ರಿ, ಹಸಿಮೆಣಸಿನ ಠೇಚಾ. ಠೇಚಾದ ಖಾರಕ್ಕೆ ಅವರ ಕಣ್ಣಲ್ಲಿ ಬಂದ ನೀರನ್ನು ಜನ ಬೇರೆ ಅರ್ಥದಲ್ಲಿ ತಿಳಿದು ಸಂತೋಷಪಟ್ಟರು. ವರದಿ ಬರುತ್ತದೆ ಎಂದಷ್ಟೇ ಹೇಳಿ ಜೀಪು ಹತ್ತಿದರು.

ಜೀಪಿನ ಧೂಳು ಕೂರುವ ಮೊದಲೇ ಬಾಯಿಸಾಹೇಬರು ಯೇಸಬಾನನ್ನು ಹಿಡಿದರು. "ತಾತ್ಯಾ, ಒಳಗ ಅವ್ರು ನಿಮ್ಮ ಕೈಯಾಗ ಏನೋ ಹೇಳ್ಯಾರ. ಎಷ್ಟು ವರ್ಷ? ಕೊಟ್ರೋ ಇಲ್ಲೋ?"

ಯೇಸಬಾ ನೆಲ ನೋಡಿದ. "ಬಾಯಿಸಾಹೇಬ, ಇವತ್ತು ಒಂದು ಬಿಚ್ಚೀನಿ. ನಲವತ್ತು ವರ್ಷಕ್ಕ ಒಂದು. ಇನ್ನೊಂದು ಬಿಚ್ಚೂ ಶಕ್ತಿ ಇಲ್ಲ."

"ಬರೇ ಹೂಂ ಅನ್ರಿ, ಇಲ್ಲಾ ಊಂಹೂಂ ಅನ್ರಿ."

ಅವನು ಎರಡನ್ನೂ ಅನ್ನಲಿಲ್ಲ. ಮರುದಿನ ರೂಪಾಲಿ ಬಂದು ಅತ್ತಳು. ಯೇಸಬಾ ಎದ್ದು ಹೋಗಿ ಎತ್ತಿನ ಕೊಟ್ಟಿಗೆಯಲ್ಲಿ ಮಲಗಿದ. ಹೇಳಿಬಿಡಲೇ ಎಂದು ನಾಲಿಗೆ ತುದಿಗೆ ಮೂರು ಬಂದು ಕೂತಾಗಲೆಲ್ಲ ಎಲೆ ಅಡಿಕೆ ತುಂಬಿಕೊಂಡ. ನಾಮಾ ಉಳಿದ ಕೆನ್ನೆ ಬೋಳಿಸುವಾಗ ಕತ್ತಿಯನ್ನು ಗಂಟಲಿಗಿಟ್ಟು ಕೇಳಿ ನೋಡಿದ. ಆಗಲೂ ಬರಲಿಲ್ಲ.

ಮುಂದಿನ ಶನಿವಾರ ಯೇಸಬಾ ಸಂತೆಯಲ್ಲಿ ತನ್ನ ಜಾಗಕ್ಕೆ ನಿಂತ. ಬೆಳಿಗ್ಗೆಯಿಂದ ಸಂಜೆಯವರೆಗೆ ನಿಂತ. ಒಂದು ಕೈಯೂ ಟವೆಲ್ಲಿನ ಕೆಳಗೆ ಬರಲಿಲ್ಲ. ಹಳೆಯ ಗಿರಾಕಿಗಳು ದೂರದಿಂದ ರಾಮರಾಮ್ ಎಂದು, ಬೇರೆ ದಲ್ಲಾಳಿಗಳ ಕಡೆ ದಾಟಿದರು. ಬಿಚ್ಚಿದವನ ಕೈ. ಸಂತೆಯ ಕಾಯಿದೆಗೆ ಮೇಲ್ಮನವಿಯಿಲ್ಲ.

ಅದರ ಮುಂದಿನ ಶನಿವಾರವೂ ಮಧ್ಯಾಹ್ನದವರೆಗೆ ಹಾಗೆಯೇ. ಆಮೇಲೆ ಎತ್ತುಗಳ ನಡುವಿನಿಂದ ಬಾಯಿಸಾಹೇಬರು ಬಂದರು. ಸೀರೆಗೆ ಸೆಗಣಿ ಮೆತ್ತಿದ್ದರ ಅರಿವಿಲ್ಲ, ಕೈಯಲ್ಲಿ ಒಡೆದ ಲಕೋಟೆ. ಅವರ ಹಿಂದೆ ರೂಪಾಲಿ, ಹಿಂದೆ ಅರ್ಧ ಕಾಲೇಜು.

"ಮೂರು! ಮೂರು ವರ್ಷ ತಾತ್ಯಾ! ಇನ್ನಮ್ಯಾಲ ಎಲ್ಲ ರಾಜಿ ಬರದ ಇಡಬೇಕಂತ, ಅಷ್ಟ!" ಆಮೇಲೆ ಅವನ ಮುಖ ನೋಡಿ ನಿಂತರು. ಅಲ್ಲಿ ಆಶ್ಚರ್ಯವಿರಲಿಲ್ಲ. "ಗೊತ್ತಿತ್ತು ನಿಮಗ. ಅವತ್ತ ಗೊತ್ತಿತ್ತು! ಹದಿನಾಕು ದಿನ ನಾ ಊಟ ಮಾಡಿಲ್ಲ, ನಿದ್ದಿ ಮಾಡಿಲ್ಲ!"

"ಊಟ ಮಾಡಿಲ್ಲಂದ್ರ ಹೌಸಾಬಾಯಿ ಭಾಕ್ರಿ ಯಾರು ತಿಂದ್ರು?"

ಬಾಯಿಸಾಹೇಬರಿಗೆ ನಗು ಬಂತು, ಅಳುವೂ ಬಂತು. ಎರಡನ್ನೂ ಸೆರಗಿನಲ್ಲಿ ಮುಚ್ಚಿಕೊಂಡು, ಇನ್ನೂ ಬೈಯುವುದು ಬಾಕಿಯಿದೆ ಎಂದು ಹೇಳಿ ಹೋದರು.

ಪಕ್ಕದಲ್ಲಿ ಜತ್ತದ ಕಡೆಯ ವ್ಯಾಪಾರಿಯೊಬ್ಬ ಒಂದು ಜೊತೆ ಹೋರಿಯ ಹಗ್ಗ ಹಿಡಿದು ನಿಂತಿದ್ದ. ಎಲ್ಲವನ್ನೂ ಕೇಳಿಸಿಕೊಂಡಿದ್ದ. ತನ್ನ ಜೊತೆಗಾರನಿಗೆ ಮೆಲ್ಲಗೆ ಅಂದ: "ಕೇಳಿದೇನು? ಹದಿನಾಕು ದಿನ ಹೊಟ್ಯಾಗ ಇಟಗೊಂಡಿದ್ದನಂತ. ಹೆಣ್ಣುಮಕ್ಕಳು ಅತ್ರೂ ಬಾಯಿ ಬಿಟ್ಟಿಲ್ಲ." ಜೊತೆಗಾರ ತಲೆಯಾಡಿಸಿದ. ವ್ಯಾಪಾರಿ ಹಗ್ಗವನ್ನು ಅವನ ಕೈಗೆ ಕೊಟ್ಟು, ಸಂತೆಯನ್ನೊಮ್ಮೆ ಸುತ್ತ ನೋಡಿ, ಯೇಸಬಾನ ಹತ್ತಿರ ಬಂದು ನಿಂತ.

"ಈ ಸಲ ಬಿಸಿಲು ಭಾಳ," ಅಂದ.

"ಭಾಳ," ಅಂದ ಯೇಸಬಾ, ಟವೆಲ್ಲು ಹಾಸುತ್ತ.